ಏಳು ನಿಮಿಷ ಮುಂದಿದ್ದ ನೀರುನಾಯಿ

ಬುಧವಾರ ಮಧ್ಯಾಹ್ನ 1:10ಕ್ಕೆ ಲಿಫ್ಟ್ ಮೆಕ್ಯಾನಿಕ್‌ನ ಹೆಂಡತಿ ಠಾಣೆಗೆ ಬಂದು ದೂರು ಕೊಟ್ಟಳು. ಒಂಬತ್ತು ಅಂತಸ್ತಿನ ವಸತಿ ಕಟ್ಟಡದಲ್ಲಿ ಅಂದು ಬೆಳಿಗ್ಗೆ ಅವಳ ಗಂಡ ಲಿಫ್ಟ್ ರಿಪೇರಿ ಮಾಡುತ್ತಿದ್ದಾಗಲೇ ಕಾವಲುಗಾರ ಕರೆಂಟ್ ಹಾಕಿದ್ದ. ಹಗ್ಗಕ್ಕೂ ಗಾಲಿಗೂ ನಡುವೆ ಸಿಕ್ಕ ಬಲಗೈಯನ್ನು ಮೊಣಕೈ ಕೆಳಗೆ ಕತ್ತರಿಸಬೇಕಾಗಿ ಬಂತು. ಇನ್‌ಸ್ಪೆಕ್ಟರ್ ಮೇಡಂ ಎಫ್‌ಐಆರ್ ದಾಖಲಿಸಿ ಕಾವಲುಗಾರನನ್ನು ಕರೆಸಿದರು. ಕೆಲಸ ಬಿಡುವ ವಯಸ್ಸಿನ ಮನುಷ್ಯ.

"ಯಾಕಪ್ಪ ಸ್ವಿಚ್ ಹಾಕ್ದೆ?"

"ಫೋನಲ್ಲಿ ಬರೋ ರಿಪೇರಿ ಹಾಳೇಲಿ 'ಮುಗಿಯಿತು' ಅಂತ ಬಂತು, ಮೇಡಂ."

"ಕೂಗಿ ಕೇಳಬಾರ್ದಿತ್ತಾ?"

"ಮೊದ್ಲು ಕೂಗ್ತಿದ್ದೆ. ಸ್ವಿಚ್ ರೂಮಿನ ಬೀಗದ ಕೈನೂ ಮೆಕ್ಯಾನಿಕ್ ಜೇಬಲ್ಲೇ ಇರ್ತಿತ್ತು. ಫೋನಲ್ಲಿ ಹಾಳೆ ಬಂದ್ಮೇಲೆ ಅದನ್ನ ನೋಡಿದ್ರೆ ಸಾಕು ಅಂದ್ರು ಮ್ಯಾನೇಜರು."

"ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯ್ತು," ಎಂದ ಹೆಡ್ ಕಾನ್‌ಸ್ಟೇಬಲ್. ಹಾಳೆಯಲ್ಲಿ ಬರೆದವರು ಸಿಗದಿದ್ದರೆ ಈ ಮುದುಕನೇ ಜೈಲಿಗೆ ಹೋಗುವವನು. ಅದು ಮೂವರಿಗೂ ಗೊತ್ತಿತ್ತು.

ಸಂಜೆ 4:00ಕ್ಕೆ ಸ್ಥಳ ಪಂಚನಾಮೆ. ಲಿಫ್ಟ್‌ಗೆ ಸೀಲ್ ಬಿತ್ತು. ಮ್ಯಾನೇಜರ್ ಕಂಪ್ಯೂಟರಿನಲ್ಲಿ ಹಾಳೆ ತೆರೆದು ತೋರಿಸಿದ. ಕೆಲಸ, ಸ್ಥಿತಿ, ಹೊತ್ತು ಎಂದು ಮೂರು ಕಾಲಂ. ಮೆಕ್ಯಾನಿಕ್ ಬರೆದಿದ್ದು: "ಕೆಲಸ ನಡೆಯುತ್ತಿದೆ, ಸ್ವಿಚ್ ಮುಟ್ಟಬೇಡಿ, 9:30." ಅದನ್ನು ಯಾರೋ ಅಳಿಸಿ ಬರೆದಿದ್ದರು: "ಮುಗಿಯಿತು, 10:52."

"ಯಾರು ಬರೆದಿದ್ದು?"

"ಆಗ ನಾನೂ ಹಾಳೆ ತೆಗೆದಿದ್ದೆ. ಮೇಲ್ಗಡೆ ಅನಾಮಧೇಯ ನೀರುನಾಯಿ ಅಂತ ಒಂದು ಚಿತ್ರ ಬಂದು ಹೋಯ್ತು. ಲಾಗಿನ್ ಆಗ್ದೆ ಬರೋರಿಗೆ ಅದೇ ಒಂದೊಂದು ಪ್ರಾಣಿ ಹೆಸರು ಕೊಡುತ್ತೆ, ಮೇಡಂ."

"ನೀರುನಾಯಿಗೆ ನೋಟಿಸ್ ಎಲ್ಲಿಗೆ ಕಳ್ಸೋಣ ಮೇಡಂ, ಕೆರೆಗಾ?" ಎಂದ ಹೆಡ್ ಕಾನ್‌ಸ್ಟೇಬಲ್. ಮೇಡಂ ನಗಲಿಲ್ಲ.

"ಈ ಹಾಳೆ ಲಿಂಕ್ ಯಾರ್ ಯಾರ ಹತ್ರ ಇದೆ?"

ಮ್ಯಾನೇಜರ್ ತಲೆ ತಗ್ಗಿಸಿದ. "ಲಿಫ್ಟ್ ಯಾವಾಗ ಸರಿಹೋಗುತ್ತೆ ಅಂತ ಮನೆಯವರೆಲ್ಲ ಪ್ರಾಣ ತಿಂತಿದ್ರು. ಕಟ್ಟಡದ ವಾಟ್ಸಾಪ್ ಗ್ರೂಪಲ್ಲಿ ಹಾಕ್ಬಿಟ್ಟೆ. ನೋಡೋ ಲಿಂಕ್ ಹಾಕೋ ಬದ್ಲು ತಿದ್ದೋ ಲಿಂಕ್ ಹಾಕಿದೀನಿ."

ಮೂವತ್ತಾರು ಮನೆ. ಹಾಳೆ ನಡೆಸುವ ಕಂಪನಿಗೆ ಪತ್ರ ಹೋಯಿತು. ಉತ್ತರಕ್ಕೆ ವಾರಗಳೇ ಬೇಕಿತ್ತು. ಮೇಡಂ ತಿದ್ದುಪಡಿಗಳ ಚರಿತ್ರೆಯನ್ನು ಮತ್ತೆ ಮತ್ತೆ ಓದಿದರು. ಮೆಕ್ಯಾನಿಕ್ 9:30 ಎಂದು ಬರೆದಾಗ ಕಂಪ್ಯೂಟರೂ 9:30 ಎಂದೇ ಗುರುತು ಹಾಕಿತ್ತು. ನೀರುನಾಯಿ 10:52 ಎಂದು ಬರೆದಾಗ ಕಂಪ್ಯೂಟರಿನ ಲೆಕ್ಕದಲ್ಲಿ 10:45.

"ಇವರು ಫೋನ್ ನೋಡಿಲ್ಲ, ಗೋಡೆ ಗಡಿಯಾರ ನೋಡಿ ಬರೆದಿದಾರೆ," ಎಂದರು ಮೇಡಂ. ಗೇಟಿನ ಗಡಿಯಾರ ಸರಿಯಿತ್ತು, ಆಫೀಸಿನದೂ ಸರಿಯಿತ್ತು.

ಗುರುವಾರ ಮಧ್ಯಾಹ್ನ 2:30ಕ್ಕೆ ಇಬ್ಬರೂ ಮೆಟ್ಟಿಲು ಹತ್ತಿ ಮೇಲಿನಿಂದ ಒಂದೊಂದೇ ಮನೆ ನೋಡುತ್ತ ಬಂದರು. ಗಡಿಯಾರ ನೋಡಲು ಬಂದ ಪೊಲೀಸರನ್ನು ಜನ ಬಾಯಿ ಬಿಟ್ಟುಕೊಂಡು ನೋಡಿದರು. ಒಂಬತ್ತನೇ ಅಂತಸ್ತಿನಲ್ಲಿ ಒಂದು ನಿಂತೇ ಹೋಗಿತ್ತು. ಎಂಟನೆಯದರಲ್ಲಿ ಒಂದು ಮೂರು ನಿಮಿಷ ಹಿಂದೆ. ಏಳನೇ ಅಂತಸ್ತಿನ ಮೂಲೆ ಮನೆಯಲ್ಲಿ ಮೇಡಂ ಗೋಡೆ ಗಡಿಯಾರವನ್ನೂ ತಮ್ಮ ಕೈಗಡಿಯಾರವನ್ನೂ ಎರಡೆರಡು ಸಲ ನೋಡಿದರು.

ಗಾಲಿಕುರ್ಚಿಯಲ್ಲಿದ್ದ ಮುದುಕ ನಕ್ಕ. ಪಾದಗಳು ಊದಿಕೊಂಡಿದ್ದವು. "ಏಳು ನಿಮಿಷ ಮುಂದಿದೆ ಕಣಮ್ಮ. ನಾನೇ ಇಟ್ಟಿದ್ದು. ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿದ್ದೆ ನೋಡು. ಮಗಳಿಗೆ ಒಂದಿನಾನೂ ಬಸ್ ತಪ್ಪಿಲ್ಲ. ಈ ಮನೇಲಿ ಊಟ, ಔಷಧಿ ಎಲ್ಲಾ ಅದರ ಪ್ರಕಾರವೇ."

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಮಗಳ ಮುಖ ಬಿಳಿಚಿಕೊಂಡಿತು.

"ಅಪ್ಪಾ, ಸಾಕು."

"ನಿಮ್ಮ ಫೋನ್ ಕೊಡಿ," ಎಂದರು ಮೇಡಂ.

ಅವಳು ಎದುರಾಡದೆ ಕೊಟ್ಟಳು. ಬುಧವಾರ 10:44ಕ್ಕೆ ಹಾಳೆ ತೆರೆದ ಗುರುತು ಅದರಲ್ಲಿತ್ತು.

"'ಮುಟ್ಟಬೇಡಿ' ಅಂತಿತ್ತಲ್ಲಮ್ಮ?"

"ಎರಡು ದಿನದಿಂದ ಮೆಕ್ಯಾನಿಕ್ ಹತ್ತು ಗಂಟೆಗೇ ಹೊರಟು ಹೋಗೋರು, ಹಾಳೇಲಿ ಮಾತ್ರ ಸಂಜೆವರೆಗೂ 'ಮುಟ್ಟಬೇಡಿ' ಅಂತಾನೇ ಇರ್ತಿತ್ತು ಮೇಡಂ. ಒಳಗೆ ಮನುಷ್ಯ ಇದಾನೆ ಅಂತ ಗೊತ್ತಿರ್ಲಿಲ್ಲ. ಸೋಮವಾರ ಅಪ್ಪಂಗೆ ಡಯಾಲಿಸಿಸ್ ತಪ್ಪಿತ್ತು. ಬುಧವಾರಾನೂ ತಪ್ಪಿದ್ರೆ ಉಸಿರಿಗೇ ತೊಂದ್ರೆ ಬರುತ್ತೆ ಅಂದಿದ್ರು ಡಾಕ್ಟ್ರು. ಕುರ್ಚಿ ಹಿಡ್ಕೊಂಡು ಇಳಿಸೋಕೆ ಇಬ್ರು ಬನ್ನಿ ಅಂತ ಗ್ರೂಪಲ್ಲಿ ಕೇಳ್ದೆ. ಎಲ್ರೂ ಕೈ ಮುಗಿಯೋ ಚಿತ್ರ ಹಾಕಿದ್ರು."

"ಹೆಸರು ಕಾಣ್ಸಿದ್ರೂ ಬರೀತಿದ್ರಾ?"

"ಇಲ್ಲ, ಮೇಡಂ."

ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕನ್ನು ಎಷ್ಟೋ ಸಲ ಹಿಡಿದವರು ಮೇಡಂ. ಈ ಸಲ ಹಿಡಿಯಲು ಮನಸ್ಸು ಬರಲಿಲ್ಲ. ಆದರೆ ಕೈ ಕಳೆದುಕೊಂಡು ಆಸ್ಪತ್ರೆಯಲ್ಲಿ ಮಲಗಿದವನ ಹೆಂಡತಿಗೂ ಉತ್ತರ ಹೇಳಬೇಕಿತ್ತು.

ಹೆಡ್ ಕಾನ್‌ಸ್ಟೇಬಲ್ ಅಲ್ಲೇ ಕುಳಿತು ಫೋನ್ ಜಪ್ತಿಯ ಪಂಚನಾಮೆ ಬರೆದ. ತಲೆಯೆತ್ತಿ ಗೋಡೆ ನೋಡಿ, "4:20" ಎಂದು ಹೊತ್ತು ಹಾಕಿದ. ಮೇಡಂ ಪೆನ್ನು ತೆಗೆದುಕೊಂಡು ಅದನ್ನು ಹೊಡೆದುಹಾಕಿ 4:13 ಎಂದು ತಿದ್ದಿ, ಪಕ್ಕದಲ್ಲಿ ಸಹಿ ಮಾಡಿದರು. ಮಹಿಳಾ ಕಾನ್‌ಸ್ಟೇಬಲ್ ಬಂದು ಮಗಳನ್ನು ಕರೆದುಕೊಂಡು ಹೋದಳು.

"ನಿನ್ನೇದೂ ತಪ್ಪಿಹೋಯ್ತು, ಇವತ್ತು ಆರಕ್ಕೆ ಆಸ್ಪತ್ರೆಯವರು ಬನ್ನಿ ಅಂದಿದಾರೆ," ಎಂದ ಮುದುಕ, ಬಾಗಿಲ ಕಡೆ ನೋಡುತ್ತ. "ಅವಳಿಲ್ದೆ ಹೇಗೆ ಹೋಗ್ಲಿ?"

ಸೀಲ್ ಹಾಕಿದ ಲಿಫ್ಟ್ ಕೆಳಗೆ ನಿಂತೇ ಇತ್ತು. ಮೇಡಂ ಠಾಣೆಗೆ ಫೋನ್ ಮಾಡಿ, ಅಲ್ಲಿ ಕೂರಿಸಿದ್ದ ಕಾವಲುಗಾರನನ್ನು ಬಿಡಲು ಹೇಳಿದರು. ವಿಷಯ ತಿಳಿದು ಐದು ಗಂಟೆಗೆ ಅವನು ಮನೆಗೆ ಹೋಗದೆ ನೇರ ಏಳನೇ ಅಂತಸ್ತಿಗೆ ಬಂದ, ಏದುಸಿರು ಬಿಡುತ್ತ.

"ನಿಮ್ಮ ಮಗಳು ದಿನಾ ಗೇಟಲ್ಲಿ ನನ್ನ ಮಾತಾಡಿಸದೆ ಹೋಗ್ತಿರ್ಲಿಲ್ಲ," ಎಂದು ಕುರ್ಚಿಯ ಒಂದು ಬದಿ ಹಿಡಿದ. ಇನ್ನೊಂದು ಬದಿಯನ್ನು ಹೆಡ್ ಕಾನ್‌ಸ್ಟೇಬಲ್ ಹಿಡಿದ. ಪ್ರತಿ ಅಂತಸ್ತಿನಲ್ಲೂ ಬಾಗಿಲು ಅರ್ಧ ತೆರೆದು ಜನ ನೋಡುತ್ತಿದ್ದರು. ಮೂರನೇ ಅಂತಸ್ತಿನಲ್ಲಿ ಇಬ್ಬರಿಗೂ ಕೈ ಸೋತಿತು. ಮೇಡಂ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಹಿಂದಿನಿಂದ ಕೈ ಕೊಟ್ಟರು.