ಗ್ರಹಣದ ದಿನ ಆರದ ದೀಪ

ಮಾರ್ಚ್ ತಿಂಗಳ ಹುಣ್ಣಿಮೆ, ಮಂಗಳವಾರ. ಚಂದ್ರಗ್ರಹಣ ಬಿಟ್ಟು ಊರೆಲ್ಲ ಸ್ನಾನ ಮುಗಿಸಿದ ಮೇಲೆ, ರಾತ್ರಿ ಎಂಟರ ಸುಮಾರಿಗೆ, ಪುಣೆಯ ಸ್ವಾರಗೇಟದ ಹತ್ತಿರದ ಪೊಲೀಸ್ ಠಾಣೆಗೆ ಲೋಕನಾಥ ಶೆಟ್ಟರು ಬಂದರು. ಬಸ್ ನಿಲ್ದಾಣದ ಆಚೆಗೆ ಅವರದೊಂದು ಹೋಟೆಲು. ಠಾಣೆಯ ಅರ್ಧ ಸಿಬ್ಬಂದಿ ಅಲ್ಲಿನ ಇಡ್ಲಿ ತಿಂದೇ ಡ್ಯೂಟಿಗೆ ಬರುವುದು. ಹೀಗಾಗಿ ಅವರನ್ನು ಬೆಂಚಿನ ಮೇಲೆ ಕಾಯಿಸುವ ಧೈರ್ಯ ಯಾರಿಗೂ ಇರಲಿಲ್ಲ.

ದೂರು ಬರೆದುಕೊಂಡವರು ಇನ್ಸ್‌ಪೆಕ್ಟರ್ ಭುಜಂಗ ಕಲಶೆಟ್ಟಿ, ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ಕಡೆಯವರು. ಜೊತೆಗೆ ಕಾನ್‌ಸ್ಟೆಬಲ್ ಪ್ರಣೀತಾ, ಆಕೆಯೂ ಸೊಲ್ಲಾಪುರದವಳೇ. ಠಾಣೆಯಲ್ಲಿ ಇಬ್ಬರದೂ ಮರಾಠಿ. ಕನ್ನಡದವರು ಸಿಕ್ಕರೆ ಮಾತ್ರ ನಾಲಿಗೆ ಮನೆಗೆ ಮರಳುತ್ತಿತ್ತು.

ದೂರಿನ ಸಾರಾಂಶ ಇಷ್ಟು. ಗ್ರಹಣವೆಂದು ಹೋಟೆಲು ಬಂದ್ ಇತ್ತು. ಲೋಕನಾಥರು ಹೋಟೆಲಿಗೆ ಈರುಳ್ಳಿ ನೋಡಲು ಪುಣೆ ಜಿಲ್ಲೆಯ ಶಿರೂರಿನ ಮಂಡಿಗೆ ಹೋಗಿದ್ದರು. ಮನೆಯಲ್ಲಿ ಅವರ ಹೆಂಡತಿ ಅಕ್ಕು ಒಬ್ಬರೇ. ಸಂಜೆ ಐದರ ಸುಮಾರಿಗೆ ಹೆಲ್ಮೆಟ್ ಹಾಕಿದವನೊಬ್ಬ ಬಾಗಿಲಿನ ಬೀಗಕ್ಕೆ ಡ್ರಿಲ್ ಹಿಡಿದು ಒಳಗೆ ಬಂದ. ಅಕ್ಕು ಕಳ್ಳ ಕಳ್ಳ ಎಂದು ಕೂಗಿದ್ದೇ ತಡ, ತಿರುಗಿ ಮೆಟ್ಟಿಲಿಳಿದು ಓಡಿದ. ಬಾಗಿಲು ಹಾಕಲು ಧಾವಿಸಿದ ಅಕ್ಕು ಕಾಲೊರಸಿಗೆ ಎಡವಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು.

"ಏನೇನು ಹೋಗ್ಯದರಿ?"

"ಏನೂ ಹೋಗಲಿಲ್ಲ ಸರ್. ಕಪಾಟಿಗೆ ಬೀಗ ಸಹ ಇರಲಿಲ್ಲ. ಬಂಗಾರ ಇದ್ದಲ್ಲೇ ಉಂಟು."

"ಯಾರ ಮ್ಯಾಲರೆ ಸಂಶಯ?"

"ನಿತಿನ. ನಮ್ಮ ಸಪ್ಲೈಯರ್. ದಿನಾ ಮನೆಗೆ ಕ್ಯಾರಿಯರ್ ತರುವವ ಅವನೇ. ನಾನು ಶಿರೂರಿಗೆ ಹೋಗುವುದು ಗೊತ್ತಿದ್ದದ್ದೂ ಅವನೊಬ್ಬನಿಗೇ."

ಎಫ್‌ಐಆರ್ ದಾಖಲಾಯಿತು. ನಿತಿನನನ್ನು ಕರೆತಂದರು. ಇಪ್ಪತ್ಮೂರರ ಹುಡುಗ, ಗ್ರಹಣ ಬಿಟ್ಟ ಮೇಲೆ ಹೋಟೆಲು ತೊಳೆಯುತ್ತಿದ್ದವನು, ತೊಟ್ಟ ಯೂನಿಫಾರ್ಮ್ ಅಂಗಿಯಲ್ಲೇ ಬಂದಿದ್ದ.

"ಸಂಜೀಮುಂದ ಎಲ್ಲಿದ್ದಿ?"

"ಹೊರಗೆ ಸರ್."

"ಹೊರಗ ಅಂದ್ರ ಇಡೀ ಪುಣೆ ಅದ."

"ಸಾರಸಬಾಗ್ ಪಾರ್ಕಿನಲ್ಲಿ."

"ಯಾರ ಜೋಡಿ?"

ನಿತಿನ ನೆಲ ನೋಡಿದ. "ಹೆಸರು ಹೇಳಿದ್ರೆ ನೀವು ಅವಳ ಮನೆಗೆ ಹೋಗ್ತೀರಿ ಸರ್. ಹೇಳುವುದಿಲ್ಲ."

ಭುಜಂಗ ಹೊರಗೆ ಬಂದು ಪ್ರಣೀತಾಳಿಗೆ ಹೇಳಿದರು, "ಈ ಹುಡುಗ ಅಲ್ಲ ಬಿಡು. ಆದ್ರ ನನಗ ಅನಸ್ತದ ಅಂದ್ರ ಕೋರ್ಟ್ ಕೇಳೂದಿಲ್ಲ. ನಾಳೆ ರಾತ್ರಿ ಒಳಗ ಬ್ಯಾರೆ ಯಾರೂ ಸಿಗಲಿಲ್ಲ ಅಂದ್ರ, ಶೆಟ್ಟರು ಇವನ್ನ ಅರೆಸ್ಟ್ ಮಾಡ್ರಿ ಅಂತ ಎದಿ ಮ್ಯಾಲೆ ಕೂಡ್ತಾರ." ಒಮ್ಮೆ ಕಳ್ಳತನದ ಕೇಸು ಬಿದ್ದವನನ್ನು ಆಮೇಲೆ ಯಾವ ಹೋಟೆಲಿನವರೂ ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ. ಅದು ಠಾಣೆಯವರಿಗೂ ಗೊತ್ತು, ನಿತಿನನಿಗೂ ಗೊತ್ತಿತ್ತು. ಆ ರಾತ್ರಿ ಅವನನ್ನು ಠಾಣೆಯಲ್ಲೇ ಕೂರಿಸಿಕೊಂಡರು.

ಬುಧವಾರ ಬೆಳಿಗ್ಗೆ ಇಬ್ಬರು ಪಂಚರ ಸಮಕ್ಷಮ ಮನೆಯ ಪಂಚನಾಮೆ ನಡೆಯಿತು. ಮೂರನೇ ಮಹಡಿಯ ಫ್ಲ್ಯಾಟು. ಬೀಗದ ನಡುವೆ ಒಂದೇ ಒಂದು ತೂತು, ಅಚ್ಚುಕಟ್ಟಾಗಿ ಕೊರೆದದ್ದು. ಹೊಸ್ತಿಲ ಮೇಲೆ ಕಬ್ಬಿಣದ ಪುಡಿ. ಕೈ ಪಳಗಿದ ಕೆಲಸಗಾರನದೇ ಇದು ಎಂದು ಭುಜಂಗ ಬರೆಸಿದರು.

ಅಕ್ಕು ಕೈಗೆ ಪ್ಲಾಸ್ಟರ್ ಹಾಕಿಕೊಂಡು ಸೋಫಾದಲ್ಲಿ ಕೂತಿದ್ದರು. ಐವತ್ತೈದು ದಾಟಿದ, ಸಣ್ಣ ದನಿಯ ಹೆಂಗಸು.

"ಬಾಗಿಲಾ ಕೊರಿಯೂತನಕ ನಿಮಗ ಏನೂ ಕೇಳಿಸಲಿಲ್ಲೇನ್ರಿ?"

"ಬೆಲ್ ಕೇಳಿಸಿತ್ತು. ಮೂರು ಸಲ. ನಾನು ಏಳಲಿಲ್ಲ."

"ಯಾಕ?"

"ಗ್ರಹಣ ಅಲ್ವಾ ಮಾರಾಯ್ರೇ. ಹಿಡಿದಲ್ಲಿಂದ ಬಿಡುವ ತನಕ ನಾನು ದೇವರ ಕೋಣೆಯಲ್ಲಿ ಜಪಕ್ಕೆ ಕೂತವಳು ಏಳುವುದಿಲ್ಲ. ಒಲೆ ಹಚ್ಚಲಿಲ್ಲ, ಗ್ರೈಂಡರ್ ಹಾಕಲಿಲ್ಲ. ಕೊನೆಗೆ ಬಾಗಿಲಿಗೇ ಮೆಷಿನ್ ಹಿಡಿದರೆ ಜಪ ಎಲ್ಲಿಗೆ ಬರ್ತದೆ? ಎದ್ದೆ." ತುಸು ತಡೆದು ಸೇರಿಸಿದರು, "ಈ ದೀಪ ಬೇರೆ ಹೆದರಿಸಿತು. ಹತ್ತುವುದು, ಆರುವುದು, ಹತ್ತುವುದು. ಗ್ರಹಣದ ದೋಷ ಅಂತಲೇ ಎಣಿಸಿದೆ."

ಕಿಟಕಿಯ ಪಕ್ಕ ಮೇಜಿನ ಮೇಲೆ ಒಂದು ದೀಪ. ಅದರ ವೈರು ನೇರವಾಗಿ ಗೋಡೆಗೆ ಹೋಗದೆ, ನಡುವೆ ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದಾದ ಬಿಳಿ ಪ್ಲಗ್ಗೊಂದಕ್ಕೆ ಸಿಕ್ಕಿತ್ತು. ಅಂಥವೇ ಇನ್ನೆರಡು, ಟೀವಿಗೊಂದು, ಅಡುಗೆಮನೆಯ ಗ್ರೈಂಡರಿಗೊಂದು.

"ಸ್ಮಾರ್ಟ್ ಪ್ಲಗ್ ಸರ್," ಎಂದಳು ಪ್ರಣೀತಾ. "ನಮ್ಮ ಮನ್ಯಾಗೂ ಗೀಸರಿಗಿ ಹಾಕೀವಿ. ಎಲ್ಲಿ ಕೂತರೂ ಮೊಬೈಲಿನ್ಯಾಗ ಚಾಲೂ ಬಂದ್ ಮಾಡಬಹುದು. ಯಾವುದು ಯಾವಾಗ ನಡೀತು, ಎಷ್ಟು ಕರೆಂಟ್ ತಿಂತು, ಎಲ್ಲಾ ಕಾಣ್ತದ."

"ಯಾರ ಮೊಬೈಲಿನ್ಯಾಗ ಅದಾವರಿ ಇವು?" ಭುಜಂಗ ಕೇಳಿದರು.

"ನಮ್ಮದರಲ್ಲಿ ಇಲ್ಲ," ಎಂದರು ಲೋಕನಾಥರು. "ಗುಂಡಿ ಒತ್ತಿದರೂ ನಡೀತದೆ. ನಮಗೆ ಅಷ್ಟು ಸಾಕು."

"ಹಾಕಿದಾವ್ರು ಯಾರು?"

"ಯಾರೋ ಎಲೆಕ್ಟ್ರಿಶಿಯನ್. ಹಳೇ ಮಾತು."

ಅಕ್ಕು ಗಂಡನ ಮುಖ ನೋಡಿ ತಲೆ ತಗ್ಗಿಸಿದರು. ಭುಜಂಗ ಅದನ್ನು ಗಮನಿಸಿದರು, ಆದರೆ ಕೆದಕಲಿಲ್ಲ. ಆಮೇಲೆ ಅದಕ್ಕಾಗಿ ತಮ್ಮನ್ನೇ ಬೈದುಕೊಂಡರು.

"ಅಕ್ಕಾ, ಈ ದೀಪ ಬ್ಯಾರೆ ದಿನಾನೂ ಹಿಂಗ ಹತ್ತತದೇನ್ರಿ?"

"ದಿನಾ ಸಂಜೆ. ತನ್ನಿಂದ ತಾನೇ. ಪ್ಲಗ್ ಹಾಳಾಗಿದೆ ಅಂತ ಲೆಕ್ಕ. ನಾನು ಹೋಗಿ ಗುಂಡಿ ಒತ್ತಿ ಆರಿಸ್ತೇನೆ, ಮತ್ತೆ ಹತ್ತುವುದಿಲ್ಲ. ಎರಡು ವರ್ಷದಿಂದ ಇದೇ ಕತೆ. ನಿನ್ನೆ ಮಾತ್ರ ಆರಿಸಲಿಕ್ಕೆ ಏಳಲಿಲ್ಲ."

ಜೀಪಿನಲ್ಲಿ ಭುಜಂಗ ಲೆಕ್ಕ ಹಾಕಿದರು. "ನೋಡು ಪ್ರಣೀತಾ. ಅಂವಾ ದೀಪಾ ಹಚ್ಚಿ ಪರೀಕ್ಷಾ ಮಾಡ್ತಾನ. ಆರಿಸಿದ್ರ ಮನ್ಯಾಗ ಜನ ಅದಾರ, ಆರಿಸಲಿಲ್ಲ ಅಂದ್ರ ಮನಿ ಖಾಲಿ. ನಿನ್ನೆ ಆರಲಿಲ್ಲ, ಬಂದ. ಭಾಳ ಶ್ಯಾಣ್ಯಾ ಕಳ್ಳ. ಪುಣೆಗೆಲ್ಲಾ ಗೊತ್ತಿದ್ದ ಗ್ರಹಣ ಅವನಿಗೊಬ್ಬನಿಗೇ ಗೊತ್ತಿರಲಿಲ್ಲ ನೋಡು."

"ಇವತ್ತೂ ಆರಿಸಲಾರದ ಬಿಟ್ರ?"

"ಬಂದೇ ಬರ್ತಾನ," ಎಂದರು ಭುಜಂಗ.

ಸಂಜೆ ಪ್ರಣೀತಾ ಬಾಗಿಲ ಹಿಂದೆ ನಿಂತಳು. ಲೋಕನಾಥರು ಒಳಕೋಣೆಯಲ್ಲಿ ಕೂತರು. ಭುಜಂಗ ಅಕ್ಕುವಿನ ಎದುರು ಬೆತ್ತದ ಸ್ಟೂಲಿನ ಮೇಲೆ ಕೂತು ಚಹಾ ಕುಡಿದರು. ಆರೂಕಾಲಿಗೆ ದೀಪ ಹತ್ತಿತು. ಅಭ್ಯಾಸಬಲದಿಂದ ಅಕ್ಕುವಿನ ಎಡಗೈ ಮುಂದಕ್ಕೆ ಹೋಯಿತು.

"ಬ್ಯಾಡ್ರಿ. ಇರಲಿ."

ಹತ್ತು ನಿಮಿಷ ದೀಪ ಉರಿಯಿತು. ಆಮೇಲೆ ಆರಿತು, ಹತ್ತಿತು, ಮತ್ತೆ ಆರಿತು, ಮತ್ತೆ ಹತ್ತಿತು. ಅಕ್ಕು ರೆಪ್ಪೆ ಮಿಟುಕಿಸದೆ ಅದನ್ನೇ ನೋಡುತ್ತಿದ್ದರು. "ನಿನ್ನೆಯೂ ಹೀಗೇ ಮಾಡಿತು," ಎಂದರು ಮೆಲ್ಲಗೆ. "ಇವತ್ತು ಹೆದರಿಕೆ ಆಗುವುದಿಲ್ಲ. ಯಾರೋ ಕರೆದ ಹಾಗೆ ಕಾಣ್ತದೆ."

ಏಳು ಹೊಡೆದ ಮೇಲೆ ಕೆಳಗೆ ಸ್ಕೂಟರ್ ನಿಂತ ಸದ್ದಾಯಿತು. ಮೆಟ್ಟಿಲುಗಳನ್ನು ಯಾರೋ ಎರಡೆರಡಾಗಿ ಹತ್ತಿ ಬಂದರು. ಬೆಲ್ ಆಯಿತು. ಅದರ ಹಿಂದೆಯೇ ದನಿಯೂ ಬಂತು.

"ಚಿಕ್ಕಮ್ಮಾ."

ಅಕ್ಕು ಪ್ಲಾಸ್ಟರಿನ ಕೈಯನ್ನು ಎದೆಗೊತ್ತಿಕೊಂಡು ಎದ್ದು ನಿಂತುಬಿಟ್ಟರು. ಪ್ರಣೀತಾ ಬಾಗಿಲು ತೆರೆದು, ಹೊರಗೆ ನಿಂತವನ ರಟ್ಟೆ ಹಿಡಿದಳು. ಮೂವತ್ತರ ಆಸುಪಾಸಿನ ಯುವಕ. ಒಂದು ಕೈಯಲ್ಲಿ ಹೆಲ್ಮೆಟ್, ಇನ್ನೊಂದರಲ್ಲಿ ಸಾಮಾನಿನ ಚೀಲ. ಚೀಲದಲ್ಲಿ ಡ್ರಿಲ್ ಇತ್ತು. ಹಿಡಿದವರು ಯಾರು ಎಂದೂ ಅವನು ನೋಡಲಿಲ್ಲ.

"ಚಿಕ್ಕಮ್ಮ ಎಲ್ಲಿ? ಹೇಗಿದ್ದಾರೆ?"

"ಯಾಕ ಬಂದಿ?" ಭುಜಂಗ ಕೇಳಿದರು.

"ದೀಪ ಆರಲಿಲ್ಲ," ಎಂದ. ಅಷ್ಟರಲ್ಲಿ ಅಕ್ಕುವಿನ ಕೈ ಕಣ್ಣಿಗೆ ಬಿತ್ತು. "ಅಯ್ಯೋ, ಅದು ಎಂತ ಕೈಗೆ? ನಿನ್ನೆ ಆದದ್ದಾ?"

ಒಳಕೋಣೆಯಿಂದ ಬಂದ ಲೋಕನಾಥರು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತರು.

ಠಾಣೆಯಲ್ಲಿ ಬರೆದುಕೊಂಡ ಹೇಳಿಕೆಯ ಪ್ರಕಾರ ಆರೋಪಿ ಸುಖೇಶ್, ಲೋಕನಾಥರ ತೀರಿಹೋದ ಅಣ್ಣನ ಮಗ. ಏಳನೇ ವಯಸ್ಸಿನಿಂದ ಅಕ್ಕುವಿನ ಕೈಯಲ್ಲೇ ಬೆಳೆದವನು. ಎರಡು ವರ್ಷದ ಕೆಳಗೆ, ಹೋಟೆಲಿನ ಹುಡುಗರು ಗಾಳಿಯಿಲ್ಲದ ಒಂದೇ ಕೋಣೆಯಲ್ಲಿ ಹತ್ತು ಮಂದಿ ಮಲಗುವುದನ್ನು ನೋಡಲಾರದೆ ಕಾರ್ಮಿಕ ಇಲಾಖೆಗೆ ದೂರು ಕೊಟ್ಟಿದ್ದ. ಉಂಡ ಮನೆಗೆ ಎರಡು ಬಗೆದವನು ಎಂದು ಲೋಕನಾಥರು ಅವನನ್ನು ಹೊರಗೆ ಹಾಕಿದರು. ಹೊಸ್ತಿಲು ತುಳಿಯಬಾರದು, ಫೋನ್ ಮಾಡಬಾರದು ಎಂದರು. ಅವನ ಹೆಸರೆತ್ತುವುದಿಲ್ಲ ಎಂದು ಅಕ್ಕುವಿನಿಂದ ದೇವರ ಮುಂದೆ ಆಣೆ ಹಾಕಿಸಿದರು. ಸುಖೇಶ್ ಯೆರವಡಾದಲ್ಲಿ ಎಲೆಕ್ಟ್ರಿಕ್ ರಿಪೇರಿ ಅಂಗಡಿ ಇಟ್ಟುಕೊಂಡ. ಮನೆಯಲ್ಲಿದ್ದಾಗ ಆ ಪ್ಲಗ್ಗುಗಳನ್ನು ಹಾಕಿದವನು ಅವನೇ. ಅವುಗಳನ್ನು ಕಿತ್ತು ಬಿಸಾಕಬೇಕೆಂದು ಯಾರಿಗೂ ಹೊಳೆಯಲಿಲ್ಲ.

"ಮಧ್ಯಾಹ್ನ ಗ್ರೈಂಡರ್ ತಿರುಗಿದರೆ ಎದ್ದು ಓಡಾಡ್ತಿದ್ದಾರೆ ಅಂತ ಗೊತ್ತಾಗ್ತಿತ್ತು ಸರ್. ಸಂಜೆ ದೀಪ ಹಾಕ್ತಿದ್ದೆ. ಅವರು ಆರಿಸಿದರೆ ಮೊಬೈಲಿನಲ್ಲಿ ಕಾಣ್ತದೆ. ಅವರ ಕೈಯದ್ದು ಅಂತ. ಅಷ್ಟೇ. ನಿನ್ನೆ ಗ್ರೈಂಡರ್ ಇಲ್ಲ, ಟೀವಿ ಇಲ್ಲ, ಅದಕ್ಕೇ ನಾಲ್ಕಕ್ಕೇ ದೀಪ ಹಾಕಿ ನೋಡಿದೆ, ಆರಲಿಲ್ಲ. ಹೋಟೆಲಿಗೆ ಫೋನ್ ಮಾಡಿದರೆ ಎತ್ತುವವರಿಲ್ಲ. ಬಿದ್ದಿದ್ದಾರೆ ಅಂತಲೇ ಎಣಿಸಿದೆ."

"ಗ್ರಹಣ ಇತ್ತಲ್ಲೋ."

"ನೆನಪೇ ಆಗಲಿಲ್ಲ. ಒಬ್ಬನೇ ಇರುವವನಿಗೆ ಯಾರು ಹೇಳ್ತಾರೆ?"

"ಹೆಲ್ಮೆಟ್ ತಗದು ಹೆಸರು ಹೇಳಬೇಕಿತ್ತು. ಯಾಕ ಓಡಿದಿ?"

"ಗಟ್ಟಿಯಾಗಿ ನಿಂತು ಕಳ್ಳ ಅಂತ ಕೂಗಿದ್ರಲ್ಲ ಸರ್. ಆರಾಮ ಇದ್ದಾರೆ ಅಂತ ಗೊತ್ತಾಯ್ತು. ಹೆಸರು ಹೇಳಿದ್ರೆ ಚಿಕ್ಕಪ್ಪ ಅವರನ್ನೇ ಬೈತಿದ್ದರು." ಅವನ ಕಣ್ಣು ತುಂಬಿತು. "ಆಮೇಲೆ ಬಿದ್ದದ್ದು ನನಗೆ ಗೊತ್ತಿಲ್ಲ. ನನ್ನಿಂದಲೇ ಕೈ ಮುರಿಯಿತು."

ಬೀಗ ಕೊರೆದು ಒಳನುಗ್ಗಿದ್ದು, ಅದರಿಂದ ಒಬ್ಬರಿಗೆ ಗಾಯವಾದದ್ದು ಎರಡೂ ನಿಜ. ಪ್ರೀತಿಗೆಂದು ಕಾಯಿದೆಯಲ್ಲಿ ಬೇರೆ ಕಲಮಿಲ್ಲ. ರಾತ್ರಿ ಒಂಬತ್ತೂವರೆಗೆ ಬಂಧನ ತೋರಿಸಿ, ಬೆಳಿಗ್ಗೆ ಕೋರ್ಟಿಗೆ ಎಂದು ಬರೆದರು. ನಿತಿನನನ್ನು ಬಿಟ್ಟು ಕಳಿಸಿದರು. ಮೂರು ಪ್ಲಗ್ಗುಗಳು ಮುದ್ದೆಮಾಲಾಗಿ ಸೀಲಾದವು.

ಭುಜಂಗ ಲೋಕನಾಥರಿಗೆ ನೇರವಾಗಿಯೇ ಹೇಳಿದರು, "ಪ್ಲಗ್ ಹಾಕಿದಾವನ ಹೆಸರು ಮುಂಜಾನೆ ನಿಮ್ಮ ಬಾಯಾಗ ಬಂದಿದ್ರ, ನಿಮ್ಮ ನಿತಿನ ಒಂದು ದಿನ ಇಲ್ಲಿ ಕೂಡ್ತಿದ್ದಿಲ್ಲರಿ."

ಅಕ್ಕು ಎಡಗೈಯಲ್ಲಿ ಹೇಳಿಕೆಗೆ ಹೆಬ್ಬೆಟ್ಟು ಒತ್ತಿದರು. ಒತ್ತಿ, ಸೀಲಾದ ಪಾಕೀಟು ನೋಡಿದರು.

"ಅದನ್ನು ಯಾವಾಗ ವಾಪಸ್ ಕೊಡ್ತೀರಿ?"

"ಕೇಸ್ ಮುಗಿದ ಮ್ಯಾಲೆರಿ."

"ಅಲ್ಲಿಯ ತನಕ ನಾನು ಇದ್ದೇನೆ ಅಂತ ಅವನಿಗೆ ಗೊತ್ತಾಗುವುದು ಹೇಗೆ?"

ಲೋಕನಾಥರು ಪ್ರಣೀತಾಳ ಕಡೆ ತಿರುಗಿದರು.

"ಸುಖೇಶನಿಗೆ ಊಟ ಆಗಿದೆಯಾ?"

ಎರಡು ವರ್ಷದಲ್ಲಿ ಮೊದಲ ಸಲ ಆ ಹೆಸರು ಅವರ ಬಾಯಿಂದ ಬಂದಿತ್ತು. ಇನ್ನೂ ಇಲ್ಲ ಎಂದಳು ಪ್ರಣೀತಾ. ಅವರು ಹೋಟೆಲಿಗೆ ಫೋನ್ ಹಚ್ಚಿದರು.

"ಠಾಣೆಗೆ ಒಂದು ಕ್ಯಾರಿಯರ್ ಕಳಿಸಿ. ನಿತಿನ ಬೇಡ, ಬೇರೆ ಯಾರಾದರೂ ತರಲಿ. ಅವನು ಮಲಗಲಿ. ಮಾಳಿಗೆಯ ಕೋಣೆ ತೆಗೆದುಕೊಡಿ, ಅಲ್ಲಿ ಗಾಳಿ ಉಂಟು."

ಅಕ್ಕು ಯಾರನ್ನೂ ಕೇಳದೆ ಒಳಗೆ ಹೋಗಿ ಸುಖೇಶನ ಪಕ್ಕ ಬೆಂಚಿನ ಮೇಲೆ ಕೂತರು. ಭುಜಂಗ ನೋಡಿಯೂ ನೋಡದವರಂತೆ ದಿನಚರಿ ಬರೆಯತೊಡಗಿದರು.