ಅವನೊಬ್ಬನೇ ಹಾಡುವ ಯುಗಳಗೀತೆ

ಯಾರ ಮುಂದೆ ಬೇಕಾದರೂ ಆಣೆ ಮಾಡಿ ಹೇಳುತ್ತೇನೆ, ಆ ಹಾಡಿನಿಂದ ಹೆಣ್ಣಿನ ದನಿ ಅಳಿಸಿದವಳು ನಾನಲ್ಲ.

ರೇಡಿಯೋ ಕಚೇರಿಯಲ್ಲಿ ಹಳೆಯ ಗ್ರಾಮಫೋನ್ ತಟ್ಟೆಗಳ ಕರಕರ ಸದ್ದು ತೆಗೆದು ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ. ಅದು ಹೆಸರಾಂತ ಪ್ರಣಯಗೀತೆ. ಅವಳು ಹೊರಡುತ್ತೇನೆ ಎನ್ನುತ್ತಾಳೆ, ಅವನು ಹೊರಗೆ ಚಳಿ, ಇರು ಎಂದು ಗೋಗರೆಯುತ್ತಾನೆ. ಕೊನೆಗೆ ಅವಳು ಉಳಿಯುತ್ತಾಳೆ. ಬೆಳಗಿನಿಂದ ಅದನ್ನೇ ಕೇಳಿ ಕೇಳಿ ನನಗೆ ರೇಗಿಹೋಗಿತ್ತು.

"ಬೇಡ ಅಂದ್ರೂ ಬಿಡಲ್ವಲ್ಲ ಇವನು! ಎದ್ದು ಹೋಗಮ್ಮ ನೀನು," ಎಂದು ಗದರಿದೆ.

ಬಾಗಿಲು ಹಾಕಿಕೊಂಡ ಸದ್ದಾಯಿತು. ಕೋಣೆಯ ಬಾಗಿಲು ಮೊದಲಿನಿಂದಲೂ ಮುಚ್ಚಿಯೇ ಇತ್ತು. ಕಾಲಿನ ಬಳಿ ತಣ್ಣನೆಯ ಗಾಳಿ ಸುಳಿಯಿತು. ಹಾಡಿನಲ್ಲಿ ಈಗ ಅವನೊಬ್ಬನೇ; ಅವಳ ಸಾಲು ಬರಬೇಕಾದಲ್ಲೆಲ್ಲ ತಡೆದು ಕಾಯುತ್ತಿದ್ದ.

"ಅವಳ ದನಿ ಎಲ್ರೀ? ಅಳಿಸಿಬಿಟ್ರಾ?" ಎಂದು ಮೇಲಧಿಕಾರಿ ಹಾರಾಡಿದರು.

"ಇಬ್ಬರೂ ಒಂದೇ ಮೈಕಿನ ಮುಂದೆ ನಿಂತು ಹಾಡಿರೋದು ಸಾರ್. ಒಬ್ಬರನ್ನ ಮಾತ್ರ ಹೇಗೆ ಅಳಿಸಲಿ?"

ನಂಬಲಿಲ್ಲ. ತಮ್ಮ ಮನೆಯಲ್ಲಿದ್ದ ಅದೇ ಹಾಡಿನ ತಟ್ಟೆ ತಂದು ಹಾಕಿದರು. ಅದರಲ್ಲೂ ಅವನೊಬ್ಬನೇ. ಅದಕ್ಕೂ ನಾನೇ ಕಾರಣವಂತೆ!

ಇಷ್ಟೆಲ್ಲ ವಿಚಾರಿಸಿದವರು, ನನ್ನ ಕುರ್ಚಿಯ ಮೇಲಿದ್ದ ಸ್ವೆಟರ್ ಎಲ್ಲಿ ಹೋಯಿತೆಂದು ಮಾತ್ರ ಕೇಳಲಿಲ್ಲ.