ಅಜ್ಜಿಗೆ ಬಿದ್ದ ಕೆಂಪು ಬಿಲ್ಲೆ

"ಡಾಕ್ಟರಮ್ಮ, ಸಂಜೆಯೊಳಗೆ ನನ್ನ ಕೆಲಸ ಹೋಗುತ್ತೆ!" ಎನ್ನುತ್ತ ಇಂಜಿನಿಯರ್ ಹುಡುಗಿ ದವಾಖಾನೆಗೆ ನುಗ್ಗಿದಳು. ಸಾಬೂನು ಕಾರ್ಖಾನೆಯ ಆವರಣದಲ್ಲೇ ವಾಸವಿದ್ದ ನಮ್ಮ ಡಾಕ್ಟರಮ್ಮನಿಗೆ ರೋಗದ ಪತ್ತೆ ಎಷ್ಟು ಇಷ್ಟವೋ ಕಳ್ಳರ ಪತ್ತೆಯೂ ಅಷ್ಟೇ ಇಷ್ಟ. ಮಂಡಿನೋವಿನ ಮುದಿ ಕಾಂಪೌಂಡರನಾದ ನಾನು ಎರಡಕ್ಕೂ ಅವರ ಬಾಲ.

ಹುಡುಗಿ ಇಡೀ ಕಾರ್ಖಾನೆಗೆ ವಂಶವೃಕ್ಷ ಬರೆದಿದ್ದಳು. ಕಾರ್ಖಾನೆಯ ಕೆಳಗೆ ವಿಭಾಗ, ಅದರ ಕೆಳಗೆ ಯಂತ್ರ, ಯಂತ್ರದ ಕೆಳಗೆ ಅದರ ಭಾಗಗಳು. ಗುರುತಿಗೆಂದು ಯಂತ್ರಕ್ಕೆ ಹಳದಿ ಬಿಲ್ಲೆ, ಭಾಗಕ್ಕೆ ಕೆಂಪು, ತಂತಿಯಿಂದ ಕಟ್ಟಿದ್ದಳು. ಎಲ್ಲರೂ 'ಅಜ್ಜಿ' ಎನ್ನುತ್ತಿದ್ದ ಹಳೆಯ ಕಲಕುವ ಯಂತ್ರ ನಿಂತುಹೋಗಿದೆಯೆಂದು ಗುಜರಿಗೆ ಹಾಕಲು ಮಾಲೀಕರು ಹೇಳಿದ್ದರು. ಆ ಬೆಳಿಗ್ಗೆ ಗುಜರಿಯವನ ಲಾರಿ ಬಂದಾಗ ಅಜ್ಜಿಯ ಹಳದಿ ಬಿಲ್ಲೆ ಮಾಯವಾಗಿ, 'ಹೊಸ ಕಡಾಯಿಯ ಭಾಗ' ಎಂಬ ಕೆಂಪು ಬಿಲ್ಲೆ ನೇತಾಡುತ್ತಿತ್ತು. ಹೊಸ ಕಡಾಯಿಯೆಂದರೆ ಸಾಬೂನು ಕಾಯಿಸಿ ಕಲಕಲು ಮಾಲೀಕರು ಈಚೆಗೆ ತಂದ ಯಂತ್ರ. ಓಡುವ ಯಂತ್ರದ ಭಾಗವನ್ನು ಮಾರುವಂತಿಲ್ಲ ಎನ್ನುವುದು ಹುಡುಗಿಯದೇ ನಿಯಮ. ಲಾರಿ ಖಾಲಿ ಹೋಯಿತು, ಮಾಲೀಕರು ಕೆಂಡವಾದರು.

"ಒಂದು ಬಿಲ್ಲೆ ನೆಟ್ಟಗೆ ಕಟ್ಟೋಕೆ ಬರಲ್ವಾ ಅಂದ್ರು. ಅದನ್ನ ನಾನು ಕಟ್ಟೇ ಇಲ್ಲಮ್ಮ!"

"ಅಳಬೇಡ ಕಣೇ. ಮೊದಲು ಅಜ್ಜಿ ನಾಡಿ ನೋಡೋಣ, ನಡಿ."

ಓಡುವ ಯಂತ್ರಗಳಿಗೆ ಹುಡುಗಿ ಬಿಗಿಯಾಗಿ ಕಟ್ಟಿದ್ದ ಬಿಲ್ಲೆಗಳು ಕೆಲವು ತಂತಿ ತುಂಡಾಗಿ ನೆಲಕ್ಕೆ ಉದುರಿದ್ದವು. ಅಜ್ಜಿಯ ಕೆಂಪು ಬಿಲ್ಲೆಯ ತಂತಿ ಮಾತ್ರ ಸಡಿಲವಾಗಿತ್ತು. ಡಾಕ್ಟರಮ್ಮ ಅಜ್ಜಿಯ ಎಣ್ಣೆ ಬಟ್ಟಲಿಗೆ ಬೆರಳದ್ದಿ ನನ್ನ ಮೂಗಿಗೆ ಹಿಡಿದರು. ಹೊಸ ಎಣ್ಣೆ. ನನಗೇನೂ ಹೊಳೆಯಲಿಲ್ಲ, ಹೊಳೆದವನ ಹಾಗೆ ತಲೆಯಾಡಿಸಿದೆ. ಬರುವಾಗ ಅವರು ನನ್ನ ಕೈಯಲ್ಲೇ ಒಂದು ಫ್ಯೂಸು ಕೀಳಿಸಿ ಜೇಬಿಗೆ ಹಾಕಿಸಿದರು.

ಮಧ್ಯಾಹ್ನ ಎಲ್ಲರನ್ನೂ ಅಜ್ಜಿಯ ಮುಂದೆ ಸೇರಿಸಿದರು. ಮಾಲೀಕರು ಬಂದರು, ಸಾಬೂನು ಕಾಯಿಸುವ ಮೇಸ್ತ್ರಿ ಬಂದ, ಹುಡುಗಿಯ ಜೊತೆ ಹಾವು-ಮುಂಗುಸಿಯಂತಿದ್ದ ಎಲೆಕ್ಟ್ರಿಷಿಯನ್ನೂ ಬಂದ. ನನ್ನ ಅನುಮಾನವೆಲ್ಲ ಅವನ ಮೇಲೇ ಇತ್ತು. ಡಾಕ್ಟರಮ್ಮ ತಮ್ಮ ಬಿಳಿ ಕೋಟು ಅಜ್ಜಿಯ ಬೆಲ್ಟಿಗೆ ತಾಗುವಂತೆ ನಿಂತು, "ಸ್ವಿಚ್ ಹಾಕಪ್ಪ," ಎಂದು ಅವನಿಗೆ ಹೇಳಿದರು.

"ಸತ್ತ ಯಂತ್ರಕ್ಕೆ ಸ್ವಿಚ್ ಯಾಕಮ್ಮ?" ಎಂದು ನಗುತ್ತಲೇ ಅವನು ಕೈ ಚಾಚಿದ.

"ತಡಿಯೋ! ಅಮ್ಮಾವ್ರ ಕೋಟು ಸಿಕ್ಕೊಳ್ಳುತ್ತೆ!" ಎಂದು ಮೇಸ್ತ್ರಿ ಚೀರಿದ.

"ಹೆದರಬೇಡ, ಇದರ ಫ್ಯೂಸು ನಮ್ಮ ಕಾಂಪೌಂಡರ್ ಜೇಬಲ್ಲಿದೆ," ಎಂದು ಡಾಕ್ಟರಮ್ಮ ನಕ್ಕರು. "ಓಡೋ ಯಂತ್ರದ ನಡುಕಕ್ಕೆ ಬಿಗಿ ತಂತಿ ತುಂಡಾಗುತ್ತೆ, ಅದಕ್ಕೇ ಸಡಿಲ ಬಿಡಬೇಕು. ನಿಂತ ಯಂತ್ರಕ್ಕೆ ಸಡಿಲ ಬಿಟ್ಟವನಿಗೆ ಅದು ಓಡುತ್ತೆ ಅಂತ ಗೊತ್ತಿತ್ತು. ಹೊಸ ಎಣ್ಣೇನೂ ಅದನ್ನೇ ಹೇಳ್ತು. ಎಲೆಕ್ಟ್ರಿಷಿಯನ್ ಇದು ಸತ್ತಿದೆ ಅಂತಲೇ ಕೈ ಚಾಚಿದ. ಗಾಬರಿ ಬಿದ್ದೋನು ನೀನೊಬ್ನೇ, ಮೇಸ್ತ್ರಿ."

ಮೇಸ್ತ್ರಿ ತಲೆ ತಗ್ಗಿಸಿದ. "ಹೊಸ ಕಡಾಯಿ ಕೈಕೊಟ್ಟಾಗೆಲ್ಲ ಸಾಬೂನಿನ ಪಾಕ ಇಲ್ಲಿಗೇ ಬಿಟ್ಟು ಕಲಕಿಸ್ತೀನಿ. ಯಜಮಾನ್ರು ಆಸೆಪಟ್ಟು ತಂದ ಕಡಾಯಿ, ದೂರೋಕೆ ಬಾಯಿ ಬರ್ಲಿಲ್ಲ. ಅದಕ್ಕೇ ಅಜ್ಜಿನ ಉಳಿಸೋಕೆ ನಾನೇ ಬಿಲ್ಲೆ ಬದಲಾಯಿಸ್ದೆ. ಈ ಮಗು ತಲೆ ಮೇಲೆ ಬರುತ್ತೆ ಅಂತ ಯೋಚನೇನೇ ಮಾಡ್ಲಿಲ್ಲ. ಕಳಿಸೋದಾದ್ರೆ ನನ್ನ ಕಳಿಸಿ."

ಹುಡುಗಿ ಕಣ್ಣೊರೆಸಿಕೊಂಡಳು. "ಬಿಲ್ಲೆ ಸರಿಯಾಗೇ ಇದೆ ಸಾರ್, ನನ್ನ ವಂಶವೃಕ್ಷವೇ ತಪ್ಪು. ಯಾರಿಗೆ ಯಾರು ಆಸರೆ ಅಂತ ನಾನು ಕೇಳಲೇ ಇಲ್ಲ."

ಮಾಲೀಕರು ಅಜ್ಜಿಯ ಕೆಂಪು ಬಿಲ್ಲೆಯನ್ನು ನೆಟ್ಟಗೆ ಮಾಡಿದರು. "ಇಬ್ರೂ ಹೋಗಿ ಕೆಲಸ ನೋಡ್ಕೊಳ್ಳಿ," ಎಂದರು. ನನಗೆ ನಿಜಕ್ಕೂ ಕಣ್ಣು ತುಂಬಿ ಬಂತು.

ಮರುದಿನ ದವಾಖಾನೆಯ ನನ್ನ ಕುರ್ಚಿಗೆ ಕೆಂಪು ಬಿಲ್ಲೆಯೊಂದು ನೇತಾಡುತ್ತಿತ್ತು: 'ಡಾಕ್ಟರಮ್ಮನ ಭಾಗ. ಮಾರುವಂತಿಲ್ಲ.' ಮುದುಕನನ್ನು ಗೇಲಿ ಮಾಡುತ್ತಾರೆಂದು ಗೊಣಗುತ್ತ ಬಿಚ್ಚಲು ಹೋದೆ. ತಂತಿಯನ್ನು ಸಡಿಲವಾಗಿ ಕಟ್ಟಿದ್ದರು. ಹಾಗೇ ಇರಲೆಂದು ಬಿಟ್ಟೆ.